ಕೊಳೆ ಬಿಡುವುದು ಬಕೆಟ್ಟಿನಲ್ಲಿ

(ಮೂಡಿಗೆರೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಅಕ್ಕಂದಿರೇ, ತಾಯಂದಿರೇ,

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಡಂ ಬಂದು ಬಟ್ಟೆಯ ವಿಷಯ ಏಕೆ ಮಾತನಾಡಬೇಕು, ನಮಗೆ ಗೊತ್ತಿಲ್ಲದ ಕೆಲಸವೇ ಅದು ಎಂದು ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ. ಈ ಸಭೆಯಲ್ಲಿರುವ ಒಬ್ಬೊಬ್ಬರ ಕೈಯಲ್ಲೂ ಸಾವಿರಾರು ಬಟ್ಟೆಗಳು ಹಾದುಹೋಗಿವೆ. ಆದರೂ ಈ ವಿಷಯವನ್ನು ನಾನೇ ಕೇಳಿ ಆರಿಸಿಕೊಂಡೆ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆಯವರೆಗೆ ತೋಟದಲ್ಲಿ ಹಣ್ಣು ಬಿಡಿಸಿ, ಮೂಟೆ ತೂಗಿಸಿ, ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ, ಬಂದವರು ಸೆರಗು ಸಿಕ್ಕಿಸಿಕೊಂಡು ನೇರವಾಗಿ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದನ್ನು ನೋಡುತ್ತಲೇ ಇದ್ದೇನೆ. ಮಣಿಕಟ್ಟು ನೋವು, ಸೊಂಟ ನೋವು, ಬೆರಳ ಸಂದಿಯಲ್ಲಿ ಬಿರುಕು ಎಂದು ಅವರೇ ಹೇಳುತ್ತಾರೆ. ಆ ನೋವಿನಲ್ಲಿ ದೊಡ್ಡ ಪಾಲು ಬೇಡದ ನೋವು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ನಾನು ಹೇಳಲು ಬಂದಿರುವುದು ಒಂದೇ ವಿಷಯ. ಬಟ್ಟೆಯ ಕೊಳೆ ಬಿಡುವ ಮುಖ್ಯ ಕೆಲಸ ನಡೆಯುವುದು ನೆನೆಹಾಕಿದ ಬಕೆಟ್ಟಿನಲ್ಲಿ. ಕಲ್ಲಿಗೆ ಬಡಿಯುವುದು, ಬ್ರಷ್ಷು ಹಾಕಿ ಉಜ್ಜುವುದು ಇವೆಲ್ಲ ಅಲ್ಲಿ ಆಗದೆ ಉಳಿದದ್ದನ್ನು ರಟ್ಟೆಯ ಬಲದಿಂದ ಮುಗಿಸುವ ಕೆಲಸ. ನೆನೆಸುವುದನ್ನು ಸರಿಯಾಗಿ ಮಾಡಿದರೆ ದಿನನಿತ್ಯ ಉಟ್ಟು ತೊಟ್ಟ ಬಟ್ಟೆಗಳಲ್ಲಿ ಹೆಚ್ಚಿನವನ್ನು ಒಗೆಯಲೇಬೇಕಾಗಿಲ್ಲ. ಎರಡು ನೀರಿನಲ್ಲಿ ಜಾಲಿಸಿ ಹರವಿದರೆ ಸಾಕು.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ವಿಜ್ಞಾನಿ 1959ರಲ್ಲಿ ಶುಚಿಗೊಳಿಸುವ ಕೆಲಸವನ್ನು ನಾಲ್ಕು ಭಾಗ ಮಾಡಿ ತೋರಿಸಿದ: ಸೋಪು ಸೋಡಾಗಳ ಶಕ್ತಿ, ಬಿಸಿಯ ಶಕ್ತಿ, ತಿಕ್ಕುವ ಶಕ್ತಿ, ಮತ್ತು ಸಮಯ. ಇವುಗಳಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಿ ಸರಿದೂಗಿಸಬೇಕು. ಇಂದಿಗೂ ಬಟ್ಟೆ ಒಗೆಯುವ ಯಂತ್ರ ಮಾಡುವವರು, ಆಸ್ಪತ್ರೆಯ ನೆಲ ಒರೆಸುವುದನ್ನು ಕಲಿಸುವವರು ಈ ಲೆಕ್ಕವನ್ನೇ ಹಿಡಿಯುತ್ತಾರೆ. ನಮ್ಮ ಮನೆಗಳಲ್ಲಿ ಸೋಪಿಗೆ ದುಡ್ಡು ಬೇಕು, ಬಿಸಿನೀರಿಗೆ ಸೌದೆ ಬೇಕು, ತಿಕ್ಕುವುದಕ್ಕೆ ಹೆಂಗಸಿನ ಮೈ ಬೇಕು. ಖರ್ಚಿಲ್ಲದೆ ಸಿಗುವುದು ಸಮಯ ಒಂದೇ. ಅದೂ ನಮ್ಮ ಸಮಯವಲ್ಲ, ಬಟ್ಟೆಯ ಸಮಯ. ಅದು ಬಕೆಟ್ಟಿನಲ್ಲಿ ನೆನೆಯುತ್ತಿರುವಾಗ ನೀವು ಅಡುಗೆ ಮಾಡಬಹುದು, ಸುಮ್ಮನೆ ಕಾಲು ಚಾಚಿ ಕೂರಲೂಬಹುದು. ಕೂರಬೇಕು ಎಂದೇ ನಾನು ಹೇಳುತ್ತೇನೆ.

ಅದೇ 1959ರಲ್ಲಿ ಸರ್ಫ್ ಪುಡಿ ಭಾರತದ ಅಂಗಡಿಗಳಿಗೆ ಬಂತು. ಅದಕ್ಕೆ ಮೊದಲು ಮನೆಯಲ್ಲಿದ್ದದ್ದು ಬಾರ್ ಸೋಪು. ಅದನ್ನು ಬಟ್ಟೆಗೆ ಹಚ್ಚಬೇಕು, ಹಚ್ಚಿದ ಮೇಲೆ ಉಜ್ಜಲೇಬೇಕು. ಪುಡಿ ಹಾಗಲ್ಲ, ನೀರಿನಲ್ಲಿ ಕರಗಿ ತಾನೇ ಬಟ್ಟೆಯೊಳಗೆ ಹೋಗುತ್ತದೆ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಪುಡಿಯನ್ನು ಕಡಿಮೆ ಬೆಲೆಗೆ ಮಾರಲು ಶುರುಮಾಡಿದ ಮೇಲೆ ಪುಡಿಯ ಬಕೆಟ್ಟು ಬಡವರ ಮನೆಗೂ ಬಂತು. ಪುಡಿ ಬಂತು, ಆದರೆ ಬಾರ್ ಸೋಪಿನ ಕಾಲದ ಅಭ್ಯಾಸ ಹೋಗಲಿಲ್ಲ. ಹತ್ತು ನಿಮಿಷ ಮುಳುಗಿಸಿ, ತೆಗೆದು, ಮತ್ತೆ ಮೇಲೆ ಸೋಪು ಹಚ್ಚಿ ಕಲ್ಲಿಗೆ ಬಡಿಯುತ್ತೇವೆ. ಎರಡು ಕೆಲಸಕ್ಕೆ ದುಡ್ಡು ಕೊಟ್ಟು ಮೂರನೆಯದನ್ನು ಮೈಮೇಲೆ ಹಾಕಿಕೊಳ್ಳುತ್ತೇವೆ.

ನೆನೆಸುವ ವಿದ್ಯೆ ಪುಡಿಯ ಜೊತೆಗೆ ಬಂದದ್ದು ಎಂದು ಮಾತ್ರ ತಿಳಿಯಬೇಡಿ. ನಮ್ಮ ಮಡಿವಾಳರು ಇದನ್ನು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಚೌಳುಮಣ್ಣು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ, ಅಂದರೆ ಬಟ್ಟೆ ಬೇಯಿಸುವ ಹಂಡೆಗೆ ಹಾಕಿ, ಹಬೆಯಲ್ಲಿ ರಾತ್ರಿಯೆಲ್ಲ ಬಿಟ್ಟು, ಬೆಳಗಿನ ಹೊತ್ತು ಹೊಳೆಗೆ ಒಯ್ಯುತ್ತಿದ್ದರು. ಚೌಳುಮಣ್ಣಿನಲ್ಲಿ ಇರುವುದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್, ಅಂದರೆ ಇಂದು ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ವಾಷಿಂಗ್ ಸೋಡಾ. ಕ್ಷಾರ, ಬಿಸಿ, ಸಮಯ ಈ ಮೂರೂ ಉಬ್ಬೆಯಲ್ಲಿ ಕೂಡುತ್ತಿದ್ದವು. ಹೊಳೆಯ ಬಂಡೆಗೆ ಬಡಿಯುವ ಹೊತ್ತಿಗೆ ಕೊಳೆ ಬಟ್ಟೆಯಿಂದ ಬಿಟ್ಟಿರುತ್ತಿತ್ತು, ಬಡಿಯುತ್ತಿದ್ದದ್ದು ಬಿಟ್ಟ ಕೊಳೆಯನ್ನು ಹೊರಗೆ ಹಾಕಲು. ದಡದಲ್ಲಿ ನಿಂತು ನೋಡಿದವರಿಗೆ ಬಡಿಯುವುದು ಕಂಡಿತು, ಉಬ್ಬೆ ಕಾಣಲಿಲ್ಲ. ಆ ಜನರ ಕಸುಬಿನ ಜ್ಞಾನಕ್ಕೆ ನಾವು ಕೊಡಬೇಕಾದ ಗೌರವವನ್ನು ಇನ್ನೂ ಕೊಟ್ಟಿಲ್ಲ. ಹಂಡೆ ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಅದರಲ್ಲಿ ಹಾಸಿಗೆ ಬಟ್ಟೆ ನೆನೆಹಾಕುತ್ತಿದ್ದ ಅಜ್ಜಿಯರಿಗೂ ಇದೇ ವಿದ್ಯೆ ಗೊತ್ತಿತ್ತು. ಸೌದೆ ಬೂದಿಯ ತಿಳಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಅದೂ ಕ್ಷಾರವೇ.

ಈಗ ಈ ಎರಡು ಬಾಟಲಿಗಳನ್ನು ನೋಡಿ. ಎಡಗೈಯಲ್ಲಿರುವುದು ಕಡೂರಿನ ಕಡೆಯ ಕೊಳವೆಬಾವಿಯ ನೀರು. ಬಲಗೈಯಲ್ಲಿರುವುದು ಇಲ್ಲೇ ಹತ್ತಿರದ ಮನೆಯೊಂದರ ತೆರೆದ ಬಾವಿಯ ನೀರು. ಎರಡೂ ಒಂದೇ ಜಿಲ್ಲೆಯ ನೀರು, ಕಣ್ಣಿಗೆ ಎರಡೂ ತಿಳಿ. ಎರಡಕ್ಕೂ ಬಾರ್ ಸೋಪಿನ ಸಣ್ಣ ಚೂರು ಹಾಕಿ ಅಲುಗಿಸುತ್ತೇನೆ.

(ಮುಂದಿನ ಸಾಲಿನ ಇಬ್ಬರನ್ನು ಕರೆದು ಅವರ ಕೈಗೇ ಬಾಟಲಿ ಕೊಟ್ಟೆ. ಮೂಡಿಗೆರೆಯ ನೀರಿನಲ್ಲಿ ನೊರೆ ಕುತ್ತಿಗೆಯವರೆಗೆ ಏರಿ ನಿಂತಿತು. ಕಡೂರಿನ ನೀರು ಹಾಲಿನಷ್ಟು ಬೆಳ್ಳಗಾಯಿತು, ಮೇಲೆ ಸಣ್ಣ ಸಣ್ಣ ಗರಣೆಗಳು ತೇಲಿದವು, ನೊರೆ ಎದ್ದಷ್ಟೇ ಬೇಗ ಇಳಿಯಿತು.)

ಈ ಗರಣೆ ಏನು? ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ವಸ್ತುವಾಗಿ ಮಾರ್ಪಟ್ಟಿವೆ. ನೀವು ಕೊಟ್ಟ ದುಡ್ಡಿನ ಸೋಪು ಕೊಳೆಯ ಹತ್ತಿರ ಹೋಗುವ ಮೊದಲೇ ಮುಗಿಯಿತು. ಅಷ್ಟೇ ಅಲ್ಲ, ಈ ಅಂಟು ಬಟ್ಟೆಯ ಎಳೆಗಳಲ್ಲೇ ಕೂತು ಬಿಳಿ ಬಟ್ಟೆಯನ್ನು ಬೂದು ಮಾಡುತ್ತದೆ, ಟವೆಲ್ಲನ್ನು ಬಿರುಸು ಮಾಡುತ್ತದೆ. ಕಡೂರು, ತರೀಕೆರೆ, ಹಾಸನದ ಅರಸೀಕೆರೆ ಕಡೆಗೆ ಮದುವೆಯಾಗಿ ಹೋದ ಮಲೆನಾಡಿನ ಹೆಣ್ಣುಮಕ್ಕಳು ಬಟ್ಟೆ ಎಷ್ಟು ಉಜ್ಜಿದರೂ ಬೆಳ್ಳಗಾಗುವುದಿಲ್ಲ ಎಂದು ಮಾತು ಕೇಳಿಸಿಕೊಳ್ಳುತ್ತಾರೆ. ಅದು ಅವರ ಸೋಮಾರಿತನವಲ್ಲ, ನೀರಿನ ಗುಣ. ಇದನ್ನು ದಯವಿಟ್ಟು ಅವರ ಅತ್ತೆಯಂದಿರಿಗೂ ಹೇಳಿ. ಕುಡಿಯುವ ನೀರಿನ ಬಗ್ಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ. ಅಂದರೆ ಕುಡಿಯಲು ಒಪ್ಪಿಗೆಯಾದ ನೀರೂ ಸೋಪಿಗೆ ಒಗ್ಗದಿರಬಹುದು.

ಗಡಸು ನೀರಿನವರು ಮಾಡಬೇಕಾದದ್ದು ಇಷ್ಟು. ಬಕೆಟ್ಟಿಗೆ ನೀರು ತುಂಬಿದ ಮೇಲೆ ಮೊದಲು ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಡಿ. ಕ್ಯಾಲ್ಸಿಯಂ ಸೋಡಾದ ಜೊತೆ ಸೇರಿ ಸುಣ್ಣದ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿಕೊಂಡು ಆಮೇಲೆ ಪುಡಿ ಹಾಕಿ, ಆಮೇಲೆ ಬಟ್ಟೆ. ಈ ಕ್ರಮ ಮುಖ್ಯ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಆ ಸುಣ್ಣ ಬಟ್ಟೆಯ ಮೇಲೆಯೇ ಕೂರುತ್ತದೆ. ಹೆಂಚಿನ ಮಾಡಿನಿಂದ ಹಿಡಿದ ಮಳೆನೀರಿಗೆ ಈ ಯಾವ ಉಪಚಾರವೂ ಬೇಡ, ಅದರಲ್ಲಿ ಸುಣ್ಣದ ಅಂಶವೇ ಇರುವುದಿಲ್ಲ. ಬಯಲುಸೀಮೆಯಲ್ಲಿ ಮಳೆ ಬಂದ ದಿನ ಒಂದು ಡ್ರಮ್ಮು ಹಿಡಿದಿಟ್ಟುಕೊಂಡರೆ ಬಿಳಿ ಬಟ್ಟೆಗಳ ಮಟ್ಟಿಗಾದರೂ ನೆಮ್ಮದಿ.

ಬಕೆಟ್ಟಿನೊಳಗೆ ನಡೆಯುವುದೇನು ಎಂದು ಹೇಳುತ್ತೇನೆ. ಒಂದು ದಿನ ತೊಟ್ಟ ಅಂಗಿಯಲ್ಲಿ ಬೆವರಿನ ಉಪ್ಪು ಇರುತ್ತದೆ. ಅದು ಬರೀ ನೀರಿಗೇ ಕರಗುತ್ತದೆ. ಮೈಯ ಜಿಡ್ಡು ನೀರಿಗೆ ಕರಗುವುದಿಲ್ಲ, ಧೂಳು ಆ ಜಿಡ್ಡಿಗೆ ಅಂಟಿಕೊಂಡಿರುತ್ತದೆ. ಡಿಟರ್ಜೆಂಟಿನ ಪ್ರತಿ ಕಣಕ್ಕೂ ನೀರನ್ನು ಬಯಸುವ ಒಂದು ತುದಿ, ಜಿಡ್ಡನ್ನು ಬಯಸುವ ಇನ್ನೊಂದು ತುದಿ. ಆ ಕಣಗಳು ಜಿಡ್ಡಿಗೂ ಎಳೆಗೂ ನಡುವೆ ನುಸುಳುತ್ತವೆ. ಎಳೆಯ ಮೇಲೆ ತೆಳುವಾಗಿ ಹರಡಿದ್ದ ಜಿಡ್ಡು ಅಂಚಿನಿಂದ ಸುರುಳಿಕೊಂಡು ಗುಂಡಾಗಿ, ಬಟ್ಟೆಯನ್ನು ಬಿಟ್ಟು ಮೇಲೇಳುತ್ತದೆ. ಇದಕ್ಕೆ ಬಡಿತ ಬೇಕಿಲ್ಲ, ಹೊತ್ತು ಬೇಕು. ಈ ಮಧ್ಯೆ ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತದೆ, ಸಂದಿಯಲ್ಲಿದ್ದ ಕೊಳೆ ಸಡಿಲವಾಗುತ್ತದೆ. ನಡುವೆ ಒಂದೆರಡು ಬಾರಿ ಬಟ್ಟೆಯನ್ನು ಎತ್ತಿ ಮುಳುಗಿಸಿ, ಅಷ್ಟು ಸಾಕು. ಬಟ್ಟೆಗಳನ್ನು ಕಿಕ್ಕಿರಿದು ತುರುಕಬೇಡಿ, ನೀರು ಸುತ್ತಾಡಲು ಜಾಗ ಬೇಕು.

ಪುಡಿ ಹೆಚ್ಚು ಹಾಕಿದರೆ ಹೆಚ್ಚು ಕೊಳೆ ಹೋಗುತ್ತದೆ ಎಂಬುದು ಸುಳ್ಳು. ಒಂದು ಮಟ್ಟ ದಾಟಿದ ಮೇಲೆ ಹೆಚ್ಚುವರಿ ಪುಡಿ ನೊರೆ ಮಾಡುತ್ತದೆ, ಜಾಲಿಸುವ ನೀರನ್ನು ಹೆಚ್ಚಿಸುತ್ತದೆ, ಕೈ ಬಿರಿಯುವಂತೆ ಮಾಡುತ್ತದೆ. ಜಾಹೀರಾತಿನವರಿಗೆ ನೊರೆ ಬೇಕು, ಬಟ್ಟೆಗೆ ಬೇಡ.

ಇನ್ನು ಕಲೆಗಳು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಡೆಯ ಕಲೆಗಳು ಪೇಟೆಯವರ ಕಲೆಗಳಲ್ಲ, ಪೊಟ್ಟಣದ ಮೇಲಿನ ಸೂಚನೆಯಲ್ಲಿ ಇವುಗಳಿಗೆ ಉತ್ತರ ಸಿಗುವುದಿಲ್ಲ.

ಮಳೆಗಾಲದಲ್ಲಿ ತೋಟಕ್ಕೆ ಹೋದವರ ಕಾಲುಚೀಲ, ಲಂಗ, ಪ್ಯಾಂಟಿನ ಮೇಲೆ ಇಂಬಳ (ಜಿಗಣೆ) ಕಚ್ಚಿದ ರಕ್ತ ಇದ್ದೇ ಇರುತ್ತದೆ. ಇಂಬಳದ ಜೊಲ್ಲಿನಲ್ಲಿ ಹಿರುಡಿನ್ ಬಗೆಯ ಪದಾರ್ಥವಿದೆ. ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಇಂಬಳ ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುವುದು ಅದಕ್ಕೇ, ಕಲೆ ಅಂಗೈ ಅಗಲ ಆಗುವುದೂ ಅದಕ್ಕೇ. ಚಳಿಯಲ್ಲಿ ನೆನೆದು ಬಂದವರಿಗೆ ಹಂಡೆಯ ಬಿಸಿನೀರು ಹಿತ, ಅದೇ ಕೈಯಲ್ಲಿ ಬಟ್ಟೆಗೂ ಬಿಸಿನೀರು ಸುರಿಯುತ್ತೇವೆ. ರಕ್ತದಲ್ಲಿ ಪ್ರೋಟೀನು ತುಂಬಿರುತ್ತದೆ. ಮೊಟ್ಟೆ ಬೆಂದು ಗಟ್ಟಿಯಾಗುತ್ತದಲ್ಲ, ಬಿಸಿನೀರಿನಲ್ಲಿ ರಕ್ತವೂ ಹಾಗೆಯೇ ಎಳೆಯೊಳಗೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬ್ರಷ್ಷು ಸವೆಯುತ್ತದೆ, ಬಟ್ಟೆ ಸವೆಯುತ್ತದೆ, ಕಲೆ ಕಂದು ಬಣ್ಣದಲ್ಲಿ ಉಳಿಯುತ್ತದೆ. ಮನೆಗೆ ಬಂದ ಕೂಡಲೇ ತಣ್ಣೀರಿನ ತಂಬಿಗೆಯಲ್ಲಿ ಆ ಭಾಗವನ್ನು ಮಾತ್ರ ಮುಳುಗಿಸಿಡಿ. ನೀರು ಕೆಂಪಾದಾಗ ಚೆಲ್ಲಿ ಹೊಸ ನೀರು ಹಾಕಿ. ನೀರು ಕೆಂಪಾಗುವುದು ನಿಂತ ಮೇಲೆ ಪುಡಿ ಹಾಕಿದ ಬಕೆಟ್ಟಿಗೆ ಬಿಡಿ. ಉಜ್ಜುವ ಮಾತೇ ಇಲ್ಲ.

ಒಣಗಿಹೋದ ರಕ್ತಕ್ಕೆ, ಹಾಲಿಗೆ, ಮಕ್ಕಳು ಮಾಡಿಕೊಂಡ ಹೊಲಸಿಗೆ ಕಿಣ್ವವಿರುವ ಪುಡಿ ಒಳ್ಳೆಯದು. ಪೊಟ್ಟಣದ ಮೇಲೆ ಎಂಜೈಮ್ ಎಂದು ಬರೆದಿರುತ್ತದೆ. ಇದರ ಕಥೆ ಹೇಳಲೇಬೇಕು. ಜರ್ಮನಿಯಲ್ಲಿ ಚರ್ಮ ಹದಮಾಡುವ ಉದ್ಯಮಕ್ಕಾಗಿ ಕೆಲಸ ಮಾಡುತ್ತಿದ್ದ ಒಟ್ಟೊ ರೋಮ್ 1913ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಟ್ಟೆ ಶುಚಿ ಮಾಡಲು ಬಳಸುವ ಪೇಟೆಂಟ್ ಪಡೆದ. ಹೊಟ್ಟೆಯಲ್ಲಿ ಮಾಂಸವನ್ನು ಕರಗಿಸುವ ಕಿಣ್ವ ಬಟ್ಟೆಯ ಮೇಲಿನ ರಕ್ತವನ್ನೂ ಕರಗಿಸಬೇಕಲ್ಲವೇ ಎಂಬುದು ಅವನ ತರ್ಕ. ಬರ್ನಸ್ ಎಂಬ ಹೆಸರಿನಲ್ಲಿ ಅದು ಮಾರಾಟವಾಯಿತು, ಮಾರಾಟವಾದದ್ದು ಒಗೆಯುವ ಮೊದಲು ನೆನೆಹಾಕುವ ಪುಡಿಯಾಗಿ. ಈಗಿನ ಪುಡಿಗಳ ಕಿಣ್ವಗಳು ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಬರುತ್ತವೆ. ಕಿಣ್ವಕ್ಕೆ ಉಗುರು ಬೆಚ್ಚಗಿನ ನೀರು ಬೇಕು. ಕುದಿಯುವ ನೀರು ಹಾಕಿದರೆ ಅದು ಸತ್ತೇಹೋಗುತ್ತದೆ, ಆಷಾಢದ ಕೊರೆಯುವ ನೀರಿನಲ್ಲಿ ಜಡವಾಗುತ್ತದೆ. ಒಂದೆರಡು ಗಂಟೆ ಬಿಟ್ಟರೆ ತನ್ನ ಕೆಲಸ ತಾನು ಮಾಡುತ್ತದೆ.

ಎರಡನೆಯದು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ. ಸುಲಿದ ಅಡಿಕೆ ಬೇಯಿಸುವ ಕಾಲದಲ್ಲಿ ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಚೊಗರಿನ ಕಲೆಯಿಲ್ಲದ ಪಂಚೆ ಹುಡುಕಿದರೂ ಸಿಗುವುದಿಲ್ಲ. ಚೊಗರಿನಲ್ಲಿ ತುಂಬಿರುವುದು ಟ್ಯಾನಿನ್ ಎಂಬ ಒಗರು ಪದಾರ್ಥ. ಇದರ ಗುಣ ಬೇರೆ. ಈ ಲೋಟದಲ್ಲಿ ತೆಳು ಮಾಡಿದ ಚೊಗರು ಇದೆ, ಬಣ್ಣ ಕೆಂಪು. ನಿನ್ನೆ ರಾತ್ರಿ ಇಂಥದೇ ಇನ್ನೊಂದು ಲೋಟಕ್ಕೆ ತುಕ್ಕು ಹಿಡಿದ ಮೊಳೆಯೊಂದನ್ನು ಹಾಕಿಟ್ಟಿದ್ದೆ. ಅದು ಇದು. ನೋಡಿ, ಮಸಿಯಾಗಿದೆ. ಹಿಂದೆ ಶಾಯಿಯನ್ನು ಟ್ಯಾನಿನ್ ಮತ್ತು ಕಬ್ಬಿಣದ ಉಪ್ಪಿನಿಂದಲೇ ಮಾಡುತ್ತಿದ್ದರು. ನಮ್ಮದು ಕೆಮ್ಮಣ್ಣಿನ ಸೀಮೆ, ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿದೆ. ಚೊಗರಿನ ಬಟ್ಟೆಯನ್ನು ಅಂಥ ನೀರಿನಲ್ಲಿ, ಅದೂ ತುಕ್ಕು ಹಿಡಿದ ತಗಡಿನ ಬಾನಿಯಲ್ಲಿ ನೆನೆಹಾಕಿದರೆ ಬಟ್ಟೆಯ ಮೇಲೆ ನೀವೇ ಶಾಯಿ ತಯಾರಿಸಿದಿರಿ ಎಂದೇ ಲೆಕ್ಕ. ಟ್ಯಾನಿನ್ ಕಲೆಗೆ ಬಾರ್ ಸೋಪು ಹಚ್ಚಬಾರದು, ಕಲೆ ಇನ್ನಷ್ಟು ಬಲವಾಗಿ ಕೂರುತ್ತದೆ. ಹಸಿ ಇರುವಾಗಲೇ ಹಿಂಭಾಗದಿಂದ ನೀರು ಹಾಯಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಳೆನೀರಿಗೆ ಡಿಟರ್ಜೆಂಟ್ ಹಾಕಿ ನೆನೆಸಿ. ಉಳಿದ ಕಲೆಗೆ ಆಕ್ಸಿಜನ್ ಬ್ಲೀಚ್ ಪುಡಿ. ಅದರಲ್ಲಿರುವುದು ಸೋಡಿಯಂ ಪರ್‌ಕಾರ್ಬೊನೇಟ್, ನೀರಿಗೆ ಬಿದ್ದರೆ ಹೈಡ್ರೊಜನ್ ಪೆರಾಕ್ಸೈಡ್ ಬಿಡುತ್ತದೆ. ಬಿಸಿನೀರಿನಲ್ಲಿ ಚುರುಕು. ಕಾಫಿ, ಚಹಾ ಕಲೆಗಳಿಗೂ ಇದೇ ದಾರಿ.

ಕಬ್ಬಿಣದ ನೀರಿನಿಂದ ಹಳದಿಯಾದ ಬಿಳಿ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಹಾಕುವವರಿದ್ದಾರೆ. ಹಳದಿ ಇನ್ನೂ ಹೆಚ್ಚುತ್ತದೆ. ಅದಕ್ಕೆ ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಬೇಕು, ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಹೊರತರುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಬ್ಲೀಚ್ ಇರುವ ಬಕೆಟ್ಟಿಗೆ ನಿಂಬೆರಸ, ವಿನೆಗರ್, ಶೌಚಾಲಯದ ಆಸಿಡ್ ಯಾವುದೂ ಬೀಳಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಜೀವಕ್ಕೆ ಅಪಾಯ.

ಅರಿಶಿನ ಸೋಪು ತಗುಲಿದ ಕೂಡಲೇ ಕೆಂಪಾಗುತ್ತದೆ, ಹೆದರಬೇಡಿ. ಕ್ಷಾರಕ್ಕೆ ಅದು ಕೆಂಪಾಗುವುದು ಸಹಜ. ನೆನೆಸಿ, ಜಾಲಿಸಿ, ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲನ್ನು ತಡೆಯುವುದಿಲ್ಲ. ಹಲಸಿನ ಮೇಣಕ್ಕೆ ನೀರು ತಾಗಿಸುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿ, ಎಣ್ಣೆಯನ್ನು ಆಮೇಲೆ ಬಕೆಟ್ಟು ನೋಡಿಕೊಳ್ಳುತ್ತದೆ. ಕೆಮ್ಮಣ್ಣಿನ ಕೆಸರನ್ನು ಹಸಿಯಾಗಿ ತಿಕ್ಕಬೇಡಿ, ಒಣಗಿಸಿ ಕೊಡವಿ ಆಮೇಲೆ ನೆನೆಸಿ. ಕೆಸರು, ಕಾಲರಿನ ಪಟ್ಟಿ, ತೋಳಿನ ಅಂಚು ಇವಿಷ್ಟಕ್ಕೆ ನೆನೆಸಿದ ಮೇಲೆ ಕೈಯಿಂದ ಸ್ವಲ್ಪ ಉಜ್ಜುವುದು ಬೇಕೇ ಬೇಕು. ನೆನೆಸಿದರೆ ಎಲ್ಲವೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ.

ಯಾವ ಬಟ್ಟೆಗೆ ಎಷ್ಟು ಎಂಬುದೂ ಇದೆ. ಹತ್ತಿ ವಿಚಿತ್ರವಾದ ಎಳೆ, ಒದ್ದೆಯಾದಾಗ ಒಣಗಿದ್ದಾಗಿಗಿಂತ ಗಟ್ಟಿ. ಬಂಡೆಯ ಹೊಡೆತವನ್ನು ಇಷ್ಟು ಕಾಲ ತಡೆದುಕೊಂಡು ಬಂದದ್ದು ಅದರಿಂದ. ಈಗ ಸಂತೆಯಲ್ಲಿ ಸಿಗುವ ನುಣುಪಾದ ರೇಯಾನ್ ನೈಟಿಗಳು ಇದಕ್ಕೆ ಪೂರ್ತಿ ವಿರುದ್ಧ. ಒದ್ದೆಯಾದರೆ ರೇಯಾನಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಕಲ್ಲಿಗೆ ಬಡಿದು, ನಾಲ್ಕು ತಿಂಗಳಿಗೆ ಹರಿಯಿತು ಎಂದು ಅಂಗಡಿಯವರನ್ನು ಬೈಯುತ್ತೇವೆ. ರೇಯಾನನ್ನು ನೆನೆಸಿ, ಜಾಲಿಸಿ, ಹಿಂಡದೆ ನೀರು ಇಳಿಯಲು ಬಿಡಿ. ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಗಳಿಂದ ಒಗೆಯುವಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಾರುಗಳು ನೀರಿಗೆ ಉದುರುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯಂತ್ರದಲ್ಲಿ ಆರು ಕಿಲೊ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ನಾರುಗಳು ಹೊರಬೀಳಬಹುದು.

ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪದರಗಳಿವೆ. ಬಿಸಿನೀರಿನಲ್ಲಿ ಕುಲುಕಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರು ಮಗುವಿನ ಅಳತೆಗೆ ಕುಗ್ಗುತ್ತದೆ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನುಗಳು. ಸೋಡಾ ಅವನ್ನು ಕೆಡಿಸುತ್ತದೆ, ಕ್ಲೋರಿನ್ ಬ್ಲೀಚ್ ಕರಗಿಸಿಯೇಬಿಡುತ್ತದೆ, ರಕ್ತ ತಿನ್ನುವ ಕಿಣ್ವ ಅವನ್ನೂ ತಿನ್ನುತ್ತದೆ. ಇವಕ್ಕೆ ಅಂಟುವಾಳಕಾಯಿಯಷ್ಟು ಒಳ್ಳೆಯದು ಮತ್ತೊಂದಿಲ್ಲ. ಬೀಜ ತೆಗೆದ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಆರಿದ ಮೇಲೆ ಸೀರೆಯನ್ನು ಅದರಲ್ಲಿ ಕೆಲವು ನಿಮಿಷ ಮಾತ್ರ ಆಡಿಸಿ ತೆಗೆಯಿರಿ. ಅದರಲ್ಲಿರುವ ಸ್ಯಾಪೊನಿನ್ ಎಂಬ ನೊರೆಯ ಪದಾರ್ಥ ಜಿಡ್ಡನ್ನು ತೆಗೆಯುತ್ತದೆ, ಕ್ಷಾರವಿಲ್ಲ. ರೇಷ್ಮೆಯನ್ನು ಗಂಟೆಗಟ್ಟಲೆ ನೆನೆಸುವುದು ಯಾವ ಕಾರಣಕ್ಕೂ ಬೇಡ.

ಈಗ ಬಹಳ ಮನೆಗಳ ಅಭ್ಯಾಸವೊಂದರ ಬಗ್ಗೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೆಲಸದ ಗಡಿಬಿಡಿ, ಸಂಜೆ ಒಗೆಯೋಣ ಎಂದು ಬಿಡುವುದು. ಇದರಿಂದ ಲಾಭವಿಲ್ಲ, ನಷ್ಟವಿದೆ. ಸಾಮಾನ್ಯ ಬಟ್ಟೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಅಷ್ಟರಲ್ಲಿ ಬಿಡಬೇಕಾದ ಕೊಳೆ ಬಿಟ್ಟಿರುತ್ತದೆ. ಆಮೇಲೆ ಆ ಕೊಳಕು ನೀರಿನಿಂದ ಅದೇ ಕೊಳೆ ತೆಳುವಾಗಿ ಎಲ್ಲ ಬಟ್ಟೆಗೂ ಮತ್ತೆ ಅಂಟುತ್ತದೆ, ಒಂದರ ಬಣ್ಣ ಇನ್ನೊಂದಕ್ಕೆ ಹೋಗುತ್ತದೆ, ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒದ್ದೆ ಬಟ್ಟೆಯ ಆ ಮುಗ್ಗಲು ವಾಸನೆ ನಮ್ಮ ಜೂನ್, ಜುಲೈ ತಿಂಗಳ ದೊಡ್ಡ ಕಷ್ಟ. ಅದಕ್ಕೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಮೈಯ ಜಿಡ್ಡು ಪೂರ್ತಿ ಹೋಗದ ಬಟ್ಟೆ ಒದ್ದೆಯಾಗಿ ಉಳಿದರೆ ಅದು ಹೆಚ್ಚುತ್ತದೆ. ಸುವಾಸನೆಯ ದ್ರವ ಸುರಿದು ಅದನ್ನು ಮುಚ್ಚಿಹಾಕುವುದರಲ್ಲಿ ಅರ್ಥವಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಚೆನ್ನಾಗಿ ಜಾಲಿಸಿ, ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಂದರ ಮೇಲೊಂದು ಬೀಳದಂತೆ ಹರವಿ. ಎಷ್ಟು ಬೇಗ ಒಣಗುತ್ತದೋ ಅಷ್ಟು ಕಡಿಮೆ ವಾಸನೆ.

ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯ ಬಳಿ. ಇಲ್ಲಿನ ಹಳ್ಳಗಳು ಅವಳನ್ನು ಸೇರುತ್ತವೆ, ಅವಳು ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟೆಗೆ ಹೋಗುತ್ತಾಳೆ. ಹಳ್ಳದಲ್ಲೇ ಕೂತು ಒಗೆಯುವುದನ್ನು ಬಿಟ್ಟು ಬಕೆಟ್ಟಿನಲ್ಲಿ ನೆನೆಸಿದರೆ ಸೋಪಿನ ನೀರು ನಮ್ಮ ಕೈಯಲ್ಲಿ ಉಳಿಯುತ್ತದೆ. ಅಂಟುವಾಳದ ನೀರನ್ನು ಬಾಳೆಯ ಬುಡಕ್ಕೆ ಹಾಕಬಹುದು. ಸೋಡಾ, ಬ್ಲೀಚ್ ಬೆರೆತದ್ದನ್ನು ಗಿಡಕ್ಕೆ ಹಾಕಬೇಡಿ, ಇಂಗುಗುಂಡಿಗೆ ಬಿಡಿ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ. ಮೊದಲು ಎದ್ದವರು ಹೊಸ ಸೀರೆಯ ಬಣ್ಣ ಹೋಗದಿರಲು ಉಪ್ಪುನೀರಿನಲ್ಲಿ ನೆನೆಸಬೇಕೇ ಎಂದರು. ಬೇಡ. ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಹತ್ತಿಗೆ ಏರಲು ಉಪ್ಪು ಬಳಸುವುದುಂಟು. ಸರಿಯಾಗಿ ಕೂರದ ಬಣ್ಣವನ್ನು ಮನೆಯ ಹಿಡಿ ಉಪ್ಪು ಕೂರಿಸಲಾರದು. ಬಣ್ಣ ಬಿಡುವ ಬಟ್ಟೆಯನ್ನು ತಣ್ಣೀರಿನಲ್ಲಿ, ಬೇರೆಯಾಗಿ, ಕಡಿಮೆ ಹೊತ್ತು ನೆನೆಸಿ.

ಚಿಕ್ಕ ವಯಸ್ಸಿನ ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದರು, ಮುಟ್ಟಿನ ಬಟ್ಟೆಯ ಬಗ್ಗೆ. ಚೀಟಿಯಲ್ಲಿ ಕೇಳಬೇಕಾದ ಪ್ರಶ್ನೆಯಲ್ಲ ಅದು, ಮೈಕಿನಲ್ಲೇ ಉತ್ತರಿಸಿದೆ. ತಣ್ಣೀರಿನಲ್ಲಿ ನೆನೆಸಿ, ಕೆಂಪು ಹೋಗುವವರೆಗೆ ನೀರು ಬದಲಿಸಿ, ಪುಡಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಪುಡಿಯ ಜಾರಿಕೆ ಉಳಿಯದಂತೆ ಜಾಲಿಸಿ. ಬೇರೆ ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟು ಒಣಗಿಸಬೇಡಿ. ಬಿಸಿಲಿದ್ದರೆ ಬಿಸಿಲಿಗೆ, ಮಳೆಯಿದ್ದರೆ ಒಲೆಯ ಬಿಸಿಗೆ, ಆಮೇಲೆ ಇಸ್ತ್ರಿ. ಪೂರ್ತಿ ಒಣಗದ ಬಟ್ಟೆಯನ್ನು ಬಳಸಲೇಬೇಡಿ.

ಕೊನೆಯ ಪ್ರಶ್ನೆ ಲೈನ್ ಮನೆಯ ಒಬ್ಬ ಅಕ್ಕನದು. "ಮೇಡಂ, ನೀವು ಹೇಳಿದ್ದೆಲ್ಲ ಸರಿ. ನಮಗೆ ಇರುವುದು ಒಂದು ನಲ್ಲಿ, ಎಂಟು ಮನೆ. ನನ್ನ ಹತ್ತಿರ ಇರುವುದು ಒಂದು ಬಕೆಟ್ಟು. ಎಲ್ಲಿ ನೆನೆಹಾಕಲಿ?"

ಒಂದೇ ಬಕೆಟ್ಟಿನ ನೀರನ್ನು ಮೂರು ಸಲ ಬಳಸಿ ಎಂದೆ. ಕೆಲಸದಿಂದ ಬಂದ ಕೂಡಲೇ ಪುಡಿ ಕರಗಿಸಿ ಮೊದಲು ಮಕ್ಕಳ ಬಿಳಿ ಯೂನಿಫಾರ್ಮ್ ಹಾಕಿ, ಅರ್ಧ ಗಂಟೆಗೆ ಅದನ್ನು ತೆಗೆದು ಅದೇ ನೀರಿಗೆ ಬಣ್ಣದ ಬಟ್ಟೆ, ಕೊನೆಯಲ್ಲಿ ತೋಟದ ಬಟ್ಟೆ. ಅಡುಗೆ ಮುಗಿಯುವ ಹೊತ್ತಿಗೆ ಮೂರೂ ನೆನೆದಿರುತ್ತವೆ, ಮಲಗುವ ಮೊದಲು ಜಾಲಿಸಿಬಿಡಬಹುದು. ಇಷ್ಟು ಅವರು ಮಾಡಬಲ್ಲರು. ಆದರೆ ಅವರ ಪ್ರಶ್ನೆಯ ಉಳಿದ ಅರ್ಧಕ್ಕೆ ಉತ್ತರ ಕೊಡಬೇಕಾದವರು ಸಭೆಯಲ್ಲೇ ಕೂತಿದ್ದರು, ಇಬ್ಬರು ತೋಟದ ಮಾಲೀಕರು. ಅವರ ಕಡೆ ತಿರುಗಿ ಕೇಳಿದೆ: ನಿಮ್ಮ ಲೈನಿಗೆ ಇನ್ನೊಂದು ನಲ್ಲಿ ಹಾಕಿಸಿ, ನೆಲದಲ್ಲಿರುವ ಒಗೆಯುವ ಕಲ್ಲನ್ನು ಸೊಂಟದ ಎತ್ತರಕ್ಕೆ ಏರಿಸಿಕೊಡಿ. ಎಷ್ಟು ಎತ್ತರ ಎಂದು ಅವರಲ್ಲೊಬ್ಬರು ಕೇಳಿದರು. ನಿಂತು ಜಾಲಿಸುವ ಹಾಗೆ ಎರಡೂವರೆ ಅಡಿ, ಪಕ್ಕದಲ್ಲಿ ಮನೆಗೊಂದು ಬಕೆಟ್ಟು ಇಡುವಷ್ಟು ಉದ್ದದ ಕಟ್ಟೆ, ಮೇಲೆ ತಗಡಿನ ಮಾಡು, ನೀರು ಇಂಗಲು ಒಂದು ಗುಂಡಿ. ಮುಂದಿನ ಕೊಯ್ಲು ಶುರು ಆಗುವುದರೊಳಗೆ ಕಟ್ಟಿಸಿ ಎಂದೆ.